ತುಂಬಿದ ಬಸ್ಸೋ, ತಡವಾದ ಬಸ್ಸೋ? ಸಿಗ್ನಲ್ ಆದ್ಯತೆಯ ಅಳತೆಗೋಲಿನ ಮರುಪರಿಶೀಲನೆ

ಸಿಗ್ನಲ್ ಇರುವ ಕೂಡುರಸ್ತೆಯಲ್ಲಿ ಹಸಿರು ದೀಪದ ಸಮಯವನ್ನು ಬಸ್ಸಿಗೂ ಕಾರಿಗೂ ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಈಚಿನ ಸಂಶೋಧನೆ ಬಹುಮಟ್ಟಿಗೆ ಒಂದೇ ಉತ್ತರ ಕೊಡುತ್ತದೆ: ವಾಹನಗಳನ್ನು ಬಿಟ್ಟು ಜನರನ್ನು ಎಣಿಸಿ. ಈ ಉತ್ತರ ನ್ಯಾಯವಾದದ್ದು. ಈ ಲೇಖನ ಅದನ್ನು ಒಪ್ಪಿಯೇ ಹೊರಡುತ್ತದೆ. ನನ್ನ ತಕರಾರು ಇರುವುದು ಯಾವ ಜನರನ್ನು ಎಣಿಸಬೇಕು ಎಂಬಲ್ಲಿ. ಪ್ರಚಲಿತ ಲೆಕ್ಕ ಸಿಗ್ನಲ್ಲಿನ ಮುಂದೆ ನಿಂತ ಬಸ್ಸಿನ ಒಳಗಿರುವವರನ್ನು ಎಣಿಸುತ್ತದೆ. ಮುಂದಿನ ನಿಲ್ದಾಣಗಳಲ್ಲಿ ಅದೇ ಬಸ್ಸಿಗಾಗಿ ಕಾಯುತ್ತಿರುವವರು ಅದರಲ್ಲಿ ನೇರವಾಗಿ ಬರುವುದಿಲ್ಲ. ಅವರನ್ನೂ ಸೇರಿಸಿಕೊಂಡರೆ ಆದ್ಯತೆಯ ಸರದಿಯೇ ಬದಲಾಗುತ್ತದೆ, ಕಾರಿನವರು ತೆರಬೇಕಾದ ಬೆಲೆಯೂ ಇಳಿಯುತ್ತದೆ. ಇದನ್ನು ಒಂದು ಸರಳ ಲೆಕ್ಕದಿಂದ ತೋರಿಸಿ, ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ನಗರದ ಅಧ್ಯಯನದ ಜೊತೆ ಇಟ್ಟು ನೋಡಿ, ಕರ್ನಾಟಕದ ರಸ್ತೆಗಳಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಈವರೆಗಿನ ದಾರಿ

ಸಿಗ್ನಲ್ ಸಮಯದ ವಿನ್ಯಾಸಕ್ಕೆ ಇಂದಿಗೂ ಅಡಿಪಾಯವಾಗಿರುವುದು ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದಿಂದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಪ್ರಕಟಿಸಿದ ಪ್ರಬಂಧ. ಕೂಡುರಸ್ತೆಯಲ್ಲಿ ವಾಹನಗಳ ಒಟ್ಟು ತಡೆಯನ್ನು ಕನಿಷ್ಠಕ್ಕೆ ಇಳಿಸುವ ಆವರ್ತದ ಅವಧಿಯನ್ನು, ಅಂದರೆ ಹಸಿರು ಹಳದಿ ಕೆಂಪುಗಳ ಒಂದು ಪೂರ್ಣ ಸುತ್ತಿಗೆ ಬೇಕಾದ ಸಮಯವನ್ನು, ಕಂಡುಹಿಡಿಯುವ ಸೂತ್ರ ಅದರಲ್ಲಿದೆ. ಭಾರತೀಯ ರಸ್ತೆ ಕಾಂಗ್ರೆಸ್ 1985ರಲ್ಲಿ ಹೊರತಂದ ಸಿಗ್ನಲ್ ಮಾರ್ಗಸೂಚಿಯೂ ಇದನ್ನೇ ಅನುಸರಿಸುತ್ತದೆ. ಈ ಪದ್ಧತಿಯಲ್ಲಿ ಬೇರೆಬೇರೆ ವಾಹನಗಳನ್ನು ಕಾರಿಗೆ ಸಮೀಕರಿಸಿ ಎಣಿಸುತ್ತಾರೆ. ವೆಬ್‌ಸ್ಟರ್ ಪರಂಪರೆಯಲ್ಲಿ ಒಂದು ಬಸ್ಸು 2.25 ಕಾರಿಗೆ ಸಮ. ಗೆರೆ ದಾಟಲು ಬಸ್ಸಿಗೆ ಎಷ್ಟು ಸಮಯ ಬೇಕು ಎಂದು ಅಳೆಯಲು ಈ ಅಂಕಿ ಸರಿಯಾದದ್ದೇ. ಆದರೆ ತಡೆಯ ಹೊರೆ ಅಳೆಯಲೂ ಅದನ್ನೇ ಬಳಸಿದರೆ 60 ಜನರ ಬಸ್ಸು ಎರಡು ಚಿಲ್ಲರೆ ಕಾರಾಗಿ ಉಳಿಯುತ್ತದೆ.

ಈ ಲೋಪವನ್ನು ತಿದ್ದುವ ಯತ್ನ ಹಳೆಯದು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ಮತದಾರರು 1973ರಲ್ಲಿ ಸುರಂಗ ರೈಲಿನ ಯೋಜನೆಯನ್ನು ತಿರಸ್ಕರಿಸಿ, 1977ರಲ್ಲಿ ಟ್ರಾಮ್ ಮತ್ತು ಬಸ್ಸುಗಳ ವೇಗ ಹೆಚ್ಚಿಸಲು 20 ಕೋಟಿ ಫ್ರಾಂಕ್ ವೆಚ್ಚಕ್ಕೆ ಒಪ್ಪಿಗೆ ಕೊಟ್ಟರು. ಅಲ್ಲಿನ ಸಿಗ್ನಲ್ಲುಗಳು ಟ್ರಾಮ್ ಬರುವುದನ್ನು ಮೊದಲೇ ತಿಳಿದು ದಾರಿ ತೆರೆಯುತ್ತವೆ. ನಗರದ ಒಳಭಾಗಕ್ಕೆ ಬರುವ ಕಾರುಗಳ ಹರಿವನ್ನು ಹೊರ ಅಂಚಿನ ಸಿಗ್ನಲ್ಲುಗಳಲ್ಲೇ ಹಿಡಿತದಲ್ಲಿ ಇಡುತ್ತಾರೆ. ಲೆಕ್ಕದ ಕಡೆಯಿಂದ ಇದೇ ಆಶಯವನ್ನು ಸೂತ್ರಕ್ಕೆ ಇಳಿಸಿದವರಲ್ಲಿ ಬರ್ಕ್ಲಿಯ ಎಲೆನಿ ಕ್ರಿಸ್ಟೋಫಾ ಮತ್ತು ಅಲೆಕ್ಸಾಂಡರ್ ಸ್ಕಬಾರ್ಡೋನಿಸ್ ಮುಖ್ಯರು. 2011ರ ಅವರ ಪ್ರಬಂಧ ವಾಹನ-ಸೆಕೆಂಡಿನ ಜಾಗದಲ್ಲಿ ವ್ಯಕ್ತಿ-ಸೆಕೆಂಡನ್ನು ಇಡುತ್ತದೆ: ಪ್ರತಿ ವಾಹನದ ತಡೆಯನ್ನು ಅದರೊಳಗಿನ ಜನಸಂಖ್ಯೆಯಿಂದ ಗುಣಿಸಿ, ಒಟ್ಟನ್ನು ಕನಿಷ್ಠಕ್ಕೆ ಇಳಿಸುತ್ತದೆ.

ಭಾರತದಲ್ಲಿ ಈ ಚರ್ಚೆ ತೀವ್ರವಾದದ್ದು ದೆಹಲಿಯ ಅಂಬೇಡ್ಕರ್ ನಗರ–ಮೂಲಚಂದ್ ನಡುವಿನ 5.8 ಕಿ.ಮೀ. ಬಿಆರ್‌ಟಿ (ತ್ವರಿತ ಬಸ್ ಸಾರಿಗೆ) ಪಥದ ಬಗ್ಗೆ. 2008ರಲ್ಲಿ ತೆರೆದ ಈ ಪಥದಲ್ಲಿ ಬಸ್ಸುಗಳು ರಸ್ತೆಯ ನಡುವೆ ಓಡುತ್ತಿದ್ದವು. ಚಿರಾಗ್ ದಿಲ್ಲಿಯಂಥ ದೊಡ್ಡ ಕೂಡುರಸ್ತೆಗಳಲ್ಲಿ ಕಾರುಗಳ ಸಾಲು ಬೆಳೆದು ವಿವಾದವಾಯಿತು. ಪಥವನ್ನು ಬಿಡುವುದೇ ಲಾಭ ಎಂಬ ಕಡೆಗೆ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ 2012ರ ವರದಿ ವಾಲಿತು. ಅದೇ ವರ್ಷ ದೆಹಲಿ ಉಚ್ಚ ನ್ಯಾಯಾಲಯ ಪಥದ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು. 2016ರಲ್ಲಿ ಸರ್ಕಾರವೇ ಪಥವನ್ನು ಕೆಡವಿತು. ಇಡೀ ವಾದ ವಾಹನವೋ ಜನರೋ ಎಂಬ ಮಟ್ಟದಲ್ಲೇ ನಡೆಯಿತು. ಜನರನ್ನು ಎಣಿಸಬೇಕೆಂದು ಒಪ್ಪಿದ ಮೇಲೆ ಏಳುವ ಮುಂದಿನ ಪ್ರಶ್ನೆಗೆ ಅಲ್ಲಿ ಎಡೆಯೇ ಸಿಗಲಿಲ್ಲ.

ಹಸಿರಿಗೊಂದು ಮಿತಿ

ಆ ಮುಂದಿನ ಪ್ರಶ್ನೆ ಏಕೆ ಏಳುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಕೂಡುರಸ್ತೆಯನ್ನು ತೆಗೆದುಕೊಳ್ಳೋಣ. ಆವರ್ತ 120 ಸೆಕೆಂಡು. ಅಡ್ಡರಸ್ತೆಗೆ ಎರಡು ಪಥ. ಹಸಿರಿನಲ್ಲಿ ಸೆಕೆಂಡಿಗೆ 1 ಕಾರು ದಾಟಬಲ್ಲದು. ಅದಕ್ಕೆ 50 ಸೆಕೆಂಡು ಹಸಿರು, 70 ಸೆಕೆಂಡು ಕೆಂಪು. ಮುಖ್ಯರಸ್ತೆಯಲ್ಲಿ ಬಸ್ಸೊಂದು ಹಸಿರು ಮುಗಿಯುವ ಹೊತ್ತಿಗೆ ಬರುತ್ತದೆ; ಅದಕ್ಕಾಗಿ ಹಸಿರನ್ನು 10 ಸೆಕೆಂಡು ಹಿಗ್ಗಿಸುತ್ತೇವೆ. ಹಾಗೆ ಹಿಗ್ಗಿಸದಿದ್ದರೆ ಆ ಬಸ್ಸು ಸುಮಾರು 1 ನಿಮಿಷ ನಿಲ್ಲಬೇಕಿತ್ತು. ಅಡ್ಡರಸ್ತೆಯ ಕೆಂಪು ಆ ಸುತ್ತಿನಲ್ಲಿ 80 ಸೆಕೆಂಡಾಗಿ, ಹಸಿರು 40ಕ್ಕೆ ಇಳಿಯುತ್ತದೆ.

ಅಡ್ಡರಸ್ತೆಯಲ್ಲಿ ಗಂಟೆಗೆ 900 ಕಾರು ಬರುತ್ತಿದ್ದರೆ, ಕಾರುಗಳು ಸಮ ಅಂತರದಲ್ಲಿ ಬರುತ್ತವೆಂದು ಹಿಡಿದು, ಆ ಸುತ್ತಿನ ಒಟ್ಟು ತಡೆ ಸುಮಾರು 817ರಿಂದ 1,067 ವಾಹನ-ಸೆಕೆಂಡಿಗೆ ಏರುತ್ತದೆ. ಕಾರಿಗೆ ಸರಾಸರಿ ಒಂದೂವರೆ ಜನ ಎಂದರೆ ಹೆಚ್ಚುವರಿ ಹೊರೆ 375 ವ್ಯಕ್ತಿ-ಸೆಕೆಂಡು. ಬಸ್ಸಿನ 60 ಜನಕ್ಕೆ ಉಳಿಯುವುದು 3,600. ಇಲ್ಲಿ ವಾದಕ್ಕೆ ಅವಕಾಶವೇ ಇಲ್ಲ.

ಅದೇ ಅಡ್ಡರಸ್ತೆಯಲ್ಲಿ ಗಂಟೆಗೆ 1,350 ಕಾರು ಬರುತ್ತಿದ್ದರೆ ಚಿತ್ರ ಬೇರೆ. ಸುತ್ತಿಗೆ 45 ಕಾರು ಬರುತ್ತವೆ, 50 ದಾಟಬಲ್ಲವು. ಉಳಿದಿರುವ ಬಿಡುವು 5 ಕಾರಿನಷ್ಟು. ಹಸಿರು 40ಕ್ಕೆ ಇಳಿದರೆ 5 ಕಾರು ಮುಂದಿನ ಸುತ್ತಿಗೆ ಉಳಿಯುತ್ತವೆ, ಆ ಸುತ್ತಿನ ಕೊನೆಯಲ್ಲಷ್ಟೇ ಸಾಲು ಕರಗುತ್ತದೆ. ಎರಡೂ ಸುತ್ತು ಸೇರಿ ಹೆಚ್ಚುವರಿ ತಡೆ 1,010 ವಾಹನ-ಸೆಕೆಂಡು, ಅಂದರೆ 1,515 ವ್ಯಕ್ತಿ-ಸೆಕೆಂಡು. ಕಾರುಗಳು ಒಂದೂವರೆ ಪಟ್ಟಾದಾಗ ಆದ್ಯತೆಯ ಬೆಲೆ ನಾಲ್ಕು ಪಟ್ಟಾಯಿತು. ತುಂಬಿದ ಬಸ್ಸಿಗೆ ಇದು ಈಗಲೂ ಲಾಭ. 20 ಜನರ ಬಸ್ಸಿಗೆ ನಷ್ಟ.

ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಒಂದೊಂದು ಆದ್ಯತೆಯೂ ಅಡ್ಡರಸ್ತೆಯಿಂದ 10 ಕಾರಿನ ಅವಕಾಶವನ್ನು ಕಿತ್ತುಕೊಳ್ಳುತ್ತದೆ, ಸುತ್ತಿಗೆ ಇರುವ ಬಿಡುವು 5 ಮಾತ್ರ. ಆದ್ದರಿಂದ ಸರಾಸರಿ ಎರಡು ಸುತ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಆದ್ಯತೆ ಕೊಟ್ಟರೆ ಸಾಲು ಕರಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆಗ ಅದೇ ಅಡ್ಡರಸ್ತೆಯಲ್ಲಿ ಬರುವ ಬಸ್ಸುಗಳೂ ಆ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ದಟ್ಟಣೆಯ ಹೊತ್ತಿನಲ್ಲಿ ಹಸಿರು ಪಡಿತರದ ವಸ್ತು. ಕೇಳಿದ ಬಸ್ಸಿಗೆಲ್ಲ ಕೊಡಲಾಗದು, ಆರಿಸಲೇಬೇಕು.

ತಲೆಯೆಣಿಕೆ ಬಿಟ್ಟುಬಿಡುವುದು

ವ್ಯಕ್ತಿ-ಸೆಕೆಂಡಿನ ಸೂತ್ರಕ್ಕೆ ಆಯ್ಕೆ ಸುಲಭ: ಹೆಚ್ಚು ತುಂಬಿದ ಬಸ್ಸು ಮೊದಲು. ಬಸ್ಸು ತಡವಾಗಿದ್ದರೆ ಅದರ ತೂಕವನ್ನು ಹೆಚ್ಚಿಸುವ ಅವಕಾಶವನ್ನು ಈ ಪಂಥದ ಸೂತ್ರಗಳು ಇಟ್ಟುಕೊಂಡಿವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅಲ್ಲಿ ಅದು ಹೊರಗಿನಿಂದ ಸೇರಿಸುವ ಗುಣಕ. ಎಷ್ಟಿರಬೇಕು ಎಂಬುದಕ್ಕೆ ಸೂತ್ರದ ಒಳಗಿನಿಂದ ಆಧಾರ ಸಿಗುವುದಿಲ್ಲ. ಆ ಆಧಾರವನ್ನು ನಿಲ್ದಾಣದಲ್ಲಿ ಕಾಯುವವರ ಲೆಕ್ಕದಿಂದ ಪಡೆಯಬಹುದು ಎಂಬುದು ನನ್ನ ವಾದ.

ಪ್ರಯಾಣಿಕರು ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಬರುವ ಮಾರ್ಗದಲ್ಲಿ ಸರಾಸರಿ ಕಾಯುವಿಕೆ ಬಸ್ಸುಗಳ ನಡುವಿನ ಸರಾಸರಿ ಅಂತರದ ಅರ್ಧಕ್ಕೆ ಸಮವಾಗುವುದು ಅಂತರಗಳೆಲ್ಲ ಒಂದೇ ಇದ್ದಾಗ ಮಾತ್ರ. ಅಂತರ ಏರುಪೇರಾದಂತೆ ಕಾಯುವಿಕೆ ಏರುಪೇರಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಇದು ಸಾರಿಗೆ ಶಾಸ್ತ್ರದಲ್ಲಿ ಬಹಳ ಹಿಂದೆಯೇ ಸ್ಥಾಪಿತವಾದ ಫಲಿತ. 10 ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಕಾಯುವಿಕೆ 5 ನಿಮಿಷ. ಅದೇ ಬಸ್ಸುಗಳು 4 ನಿಮಿಷ, 16 ನಿಮಿಷ ಎಂದು ಜೋಡಿಜೋಡಿಯಾಗಿ ಬಂದರೆ 6.8 ನಿಮಿಷ, ಏಕೆಂದರೆ ಉದ್ದನೆಯ ಅಂತರದಲ್ಲೇ ಹೆಚ್ಚು ಜನ ಬಂದು ನಿಂತಿರುತ್ತಾರೆ. ಜೋಡಿಯಾಗುವಿಕೆ ತಾನಾಗಿಯೇ ಬೆಳೆಯುವ ರೋಗ ಎಂಬುದನ್ನು ಜಿ. ಎಫ್. ನ್ಯೂವೆಲ್ ಮತ್ತು ಆರ್. ಬಿ. ಪಾಟ್ಸ್ 1964ರಲ್ಲೇ ತೋರಿಸಿದರು: ತಡವಾದ ಬಸ್ಸಿಗೆ ನಿಲ್ದಾಣದಲ್ಲಿ ಹೆಚ್ಚು ಜನ ಸಿಗುತ್ತಾರೆ, ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿಯಾಗಿ ಓಡಿಬಂದು ಅದನ್ನು ಸೇರಿಕೊಳ್ಳುತ್ತದೆ.

ಈಗ ಮೇಲಿನ ಕೂಡುರಸ್ತೆಗೆ ಮರಳೋಣ. ಅಂತರ 10 ನಿಮಿಷದ ಮಾರ್ಗ. ಮುಂದಿನ ನಿಲ್ದಾಣಗಳಲ್ಲೆಲ್ಲ ಸೇರಿ ಬಸ್ಸೊಂದಕ್ಕೆ 60 ಜನ ಹತ್ತುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಬಸ್ಸಿನ ಏರುಪೇರು ಅದರ ಮುಂದಿನ ಮತ್ತು ಹಿಂದಿನ ಎರಡೂ ಅಂತರಗಳನ್ನು ಕೆಡಿಸುವುದರಿಂದ ಪರಿಣಾಮಕ್ಕೆ ಒಳಗಾಗುವವರು 120 ಜನ.

ಮೊದಲ ಪ್ರಸಂಗ. ಹೊರಡುವ ನಿಲ್ದಾಣದಿಂದ ಸ್ವಲ್ಪವೇ ದೂರ ಬಂದ ಬಸ್ಸಿನಲ್ಲಿ 20 ಜನರಿದ್ದಾರೆ. ಅದು 4 ನಿಮಿಷ ತಡವಾಗಿದೆ. ಅದರ ಮುಂದೆ 14 ನಿಮಿಷದ ಅಂತರ, ಹಿಂದೆ 6 ನಿಮಿಷದ್ದು. ಆದ್ಯತೆಯಿಂದ 1 ನಿಮಿಷ ಸರಿಹೋದರೆ ಅಂತರಗಳು 13 ಮತ್ತು 7 ಆಗುತ್ತವೆ, ಸರಾಸರಿ ಕಾಯುವಿಕೆ 5.8ರಿಂದ 5.45 ನಿಮಿಷಕ್ಕೆ ಇಳಿಯುತ್ತದೆ. ಅಂದರೆ ತಲೆಗೆ 21 ಸೆಕೆಂಡು, 120 ಜನಕ್ಕೆ 2,520. ಒಳಗಿನ 20 ಜನರ 1,200 ಸೇರಿಸಿದರೆ ಒಟ್ಟು ಲಾಭ 3,720 ವ್ಯಕ್ತಿ-ಸೆಕೆಂಡು. ಹೊತ್ತಿಗೆ ಸರಿಯಾಗಿ ಓಡುತ್ತಿರುವ 60 ಜನರ ಬಸ್ಸಿನ 3,600ಕ್ಕಿಂತ ಇದು ತುಸು ಹೆಚ್ಚು. ತಲೆಯೆಣಿಕೆ ನಷ್ಟವೆಂದು ತಳ್ಳಿದ ಬಸ್ಸೇ ಇಲ್ಲಿ ಸರದಿಯ ಮುಂದೆ ನಿಲ್ಲುತ್ತದೆ.

ಎರಡನೆಯದು ಇನ್ನೂ ಸ್ಪಷ್ಟ. 60 ಜನರ ಬಸ್ಸೊಂದು ಹೊತ್ತಿಗಿಂತ 3 ನಿಮಿಷ ಮುಂಚೆ ಬಂದಿದೆ. ಅದರ ಮುಂದೆ 7, ಹಿಂದೆ 13 ನಿಮಿಷದ ಅಂತರ. ತುಂಬಿದೆ ಎಂಬ ಕಾರಣಕ್ಕೆ ಅದಕ್ಕೆ ಹಸಿರು ಕೊಟ್ಟರೆ ಅಂತರಗಳು 6 ಮತ್ತು 14 ಆಗುತ್ತವೆ. ಒಳಗಿನವರ ಲಾಭ 3,600. ನಿಲ್ದಾಣದಲ್ಲಿರುವವರ ನಷ್ಟ 2,520. ಅಡ್ಡರಸ್ತೆಯ ನಷ್ಟ 1,515. ಕೂಡಿ ಕಳೆದರೆ 435 ವ್ಯಕ್ತಿ-ಸೆಕೆಂಡು ನಷ್ಟವೇ ಉಳಿಯುತ್ತದೆ. ಬಸ್ಸಿನವರ ಹೆಸರಿನಲ್ಲಿ ಕೊಟ್ಟ ಆದ್ಯತೆಯ ಲಾಭದ ಶೇ. 70ರಷ್ಟು ಪಾಲು ಬಸ್ಸಿಗಾಗಿ ಕಾಯುವವರ ಜೇಬಿನಿಂದಲೇ ಬಂದಿರುತ್ತದೆ.

ಮೂರನೆಯ ಪ್ರಸಂಗ ನನ್ನ ವಾದಕ್ಕೆ ಎಲ್ಲೆ ಹಾಕುತ್ತದೆ. 20 ಜನರ ಬಸ್ಸು ಬರೀ 1 ನಿಮಿಷ ತಡವಾಗಿದ್ದರೆ ಅದನ್ನು ಸರಿಪಡಿಸುವುದರಿಂದ ನಿಲ್ದಾಣದವರಿಗೆ ತಲೆಗೆ 3 ಸೆಕೆಂಡು ಮಾತ್ರ ಉಳಿಯುತ್ತದೆ, 120 ಜನಕ್ಕೆ 360. ಒಟ್ಟು 1,560; ಅಡ್ಡರಸ್ತೆಯ ನಷ್ಟವನ್ನು ಅದು ಹೆಚ್ಚುಕಡಿಮೆ ಸರಿದೂಗಿಸುತ್ತದೆ, ಅಷ್ಟೇ. ಸಣ್ಣ ತಡಕ್ಕೆ ತಲೆಯೆಣಿಕೆಯೇ ಸರಿಯಾದ ಅಳತೆ. ತಡ ಬೆಳೆದಂತೆ ಕಾಯುವವರ ತೂಕ ಅದರೊಂದಿಗೆ ಬೆಳೆಯುತ್ತದೆ. ಈ ಅಂಕಿಗಳಲ್ಲಿ ಎರಡೂ ಅಳತೆಗಳು ಸಂಧಿಸುವುದು 4 ನಿಮಿಷದ ಆಸುಪಾಸಿನಲ್ಲಿ. ಅಂತರ, ಹತ್ತುವವರ ಸಂಖ್ಯೆ, ಮಾರ್ಗದಲ್ಲಿ ಸಿಗ್ನಲ್ ಇರುವ ಜಾಗ ಬದಲಾದರೆ ಈ ಬಿಂದುವೂ ಬದಲಾಗುತ್ತದೆ. ಕೊನೆಯ ನಿಲ್ದಾಣ ಹತ್ತಿರವಾದಂತೆ ಹತ್ತುವವರು ಕಡಿಮೆಯಾಗಿ ತಲೆಯೆಣಿಕೆ ಮತ್ತೆ ಗೆಲ್ಲುತ್ತದೆ.

ಹಾಗಾಗಿ ನನ್ನ ನಿಲುವನ್ನು ಇಷ್ಟಕ್ಕೆ ಸೀಮಿತಗೊಳಿಸುತ್ತೇನೆ: ಅಡ್ಡರಸ್ತೆ ತುಂಬಿ ಹರಿಯುವ ಹೊತ್ತಿನಲ್ಲಿ, ಬಸ್ಸುಗಳು ಒಂದೇ ಮಾರ್ಗದಲ್ಲಿ ಗಂಟೆಗೆ ಆರು ಎಂಟರಂತೆ ಓಡುವಲ್ಲಿ, ಮಾರ್ಗದ ಮೊದಲರ್ಧದ ಸಿಗ್ನಲ್ಲುಗಳಲ್ಲಿ, ಗಣನೀಯವಾಗಿ ತಡವಾದ ಬಸ್ಸಿಗೆ ಅದು ಎಷ್ಟು ತುಂಬಿದೆ ಎಂದು ನೋಡದೆ ಹಸಿರು ಕೊಡಬೇಕು, ಹೊತ್ತಿಗೆ ಮುಂಚೆ ಬಂದ ಬಸ್ಸಿಗೆ ಅದು ತುಂಬಿದ್ದರೂ ಕೊಡಬಾರದು.

ಐಂಡ್‌ಹೋವನ್‌ನ ಸಾಕ್ಷ್ಯ

ಈ ನಿಲುವಿಗೆ ಸಮೀಪದ ಕ್ಷೇತ್ರ ಸಾಕ್ಷ್ಯ ಪೀಟರ್ ಫರ್ತ್ ಮತ್ತು ಥಿಯೋ ಮುಲ್ಲರ್ 2000ದಲ್ಲಿ ಪ್ರಕಟಿಸಿದ ಐಂಡ್‌ಹೋವನ್ ಅಧ್ಯಯನ. ಅಲ್ಲಿನ ಬಸ್ಸುಗಳ ಕಂಪ್ಯೂಟರಿಗೆ ತನ್ನ ಬಸ್ಸು ವೇಳೆಗಿಂತ ಮುಂದಿದೆಯೋ ಹಿಂದಿದೆಯೋ ಎಂಬುದು ಗೊತ್ತಿರುತ್ತಿತ್ತು. ಆದ್ಯತೆಯೇ ಇಲ್ಲದ, ಎಲ್ಲ ಬಸ್ಸಿಗೂ ಬೇಷರತ್ತಾಗಿ ಕೊಡುವ, ತಡವಾದ ಬಸ್ಸಿಗೆ ಮಾತ್ರ ಷರತ್ತಿನ ಮೇಲೆ ಕೊಡುವ ಮೂರು ಪದ್ಧತಿಗಳನ್ನು ಅವರು ಹೋಲಿಸಿದರು. ಬೇಷರತ್ ಆದ್ಯತೆಯಿಂದ ಇತರ ವಾಹನಗಳ ತಡೆ ಬಹಳ ಹೆಚ್ಚಿತು. ಷರತ್ತಿನ ಆದ್ಯತೆಯಿಂದ ಹೆಚ್ಚಿದ್ದು ಅತ್ಯಲ್ಪ. ಬಸ್ಸುಗಳ ವೇಳಾಪಾಲನೆ ಮಾತ್ರ ಗಣನೀಯವಾಗಿ ಸುಧಾರಿಸಿತು.

ಈ ಫಲಿತಾಂಶವನ್ನು ಕಾರಿನವರನ್ನು ಸಮಾಧಾನಪಡಿಸುವ ರಾಜಿಸೂತ್ರವೆಂದು ಓದುವುದು ವಾಡಿಕೆ: ಬಸ್ಸಿಗೆ ಸ್ವಲ್ಪ ಕಡಿಮೆ ಕೊಟ್ಟರು, ಕಾರಿಗೆ ಸ್ವಲ್ಪ ಹೆಚ್ಚು ಉಳಿಯಿತು. ಮೇಲಿನ ಲೆಕ್ಕ ಬೇರೊಂದು ಓದನ್ನು ಸೂಚಿಸುತ್ತದೆ. ಮುಂಚೆ ಬಂದ ಬಸ್ಸಿಗೆ ಹಸಿರು ನಿರಾಕರಿಸಿದಾಗ ಲಾಭವಾಗುವುದು ಕಾರಿನವರಿಗೆ ಮಾತ್ರವಲ್ಲ, ನಿಲ್ದಾಣದಲ್ಲಿರುವವರಿಗೂ ಆಗುತ್ತದೆ. ತಡವಾದ ಬಸ್ಸನ್ನು ಮುಂದಕ್ಕೆ ದೂಡಿ, ಮುಂದಾದದ್ದನ್ನು ತಡೆಹಿಡಿದಾಗ ಸಿಗ್ನಲ್ ಮಾರ್ಗ ನಿಯಂತ್ರಣದ ಸಾಧನವಾಗುತ್ತದೆ. ಈ ದೃಷ್ಟಿಯನ್ನು ಫರ್ತ್ ಮತ್ತು ಮುಲ್ಲರ್ ತಾವೇ ಮುಂದಿಟ್ಟಿದ್ದಾರೆ. ಯಾವ ಹಂತದಿಂದ ಅದು ತಲೆಯೆಣಿಕೆಯನ್ನು ಮೀರುತ್ತದೆ ಎಂಬ ಪ್ರಶ್ನೆಯನ್ನಷ್ಟೇ ನಾನು ಸೇರಿಸುತ್ತಿದ್ದೇನೆ.

ಎರಡು ಆಕ್ಷೇಪ

ತಡವಾದ ಬಸ್ಸು ಹೆಚ್ಚು ಜನರನ್ನು ಹತ್ತಿಸಿಕೊಳ್ಳುವುದರಿಂದ ಅದೇ ತುಂಬಿದ ಬಸ್ಸೂ ಆಗಿರುತ್ತದೆ, ಎರಡು ಅಳತೆಗಳೂ ಒಂದೇ ಬಸ್ಸನ್ನು ಆರಿಸುತ್ತವೆ ಎಂಬುದು ಮೊದಲ ಆಕ್ಷೇಪ. ಮಾರ್ಗದ ನಡುಭಾಗಕ್ಕೆ ಇದು ಬಹುಪಾಲು ನಿಜ. ಆದರೆ ರೋಗ ಹುಟ್ಟುವುದು ಆರಂಭದಲ್ಲಿ, ಬಸ್ಸಿನಲ್ಲಿ ಜನ ಕಡಿಮೆ ಇರುವಾಗ. ತುಂಬುವವರೆಗೆ ಕಾಯುವ ಅಳತೆ ಜೋಡಿಯಾಗುವಿಕೆ ಬಲಿತ ಮೇಲೆ ಎಚ್ಚರಗೊಳ್ಳುತ್ತದೆ. ನನ್ನ ಲೆಕ್ಕ ತಡ ಮುಂದೆ ಬೆಳೆಯುವುದನ್ನು ಸೇರಿಸಿಕೊಂಡಿಲ್ಲ. ಸೇರಿಸಿದರೆ ಆರಂಭದಲ್ಲೇ ಸರಿಪಡಿಸಿದ 1 ನಿಮಿಷದ ಬೆಲೆ ಇನ್ನೂ ಏರುತ್ತದೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಒಂದೇ ರಸ್ತೆಯಲ್ಲಿ ಹಲವು ಮಾರ್ಗಗಳು ಓಡುವಲ್ಲಿ ಪ್ರಯಾಣಿಕ ಮೊದಲು ಬಂದ ಬಸ್ಸು ಹತ್ತುತ್ತಾನೆ. ಒಂದು ಮಾರ್ಗದ ಅಂತರ ಕೆಟ್ಟರೂ ಅವನಿಗೆ ಹೆಚ್ಚಿನ ಬಾಧೆಯಿಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ. ಅಂಥ ರಸ್ತೆಗಳಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಬಸ್ಸುಗಳು ಗೊತ್ತುಪಡಿಸಿದ ಕ್ರಮವಿಲ್ಲದೆ ಬರುತ್ತವೆಂದು ಹಿಡಿದರೆ, 120 ಸೆಕೆಂಡಿನ ಒಂದು ಆವರ್ತದಲ್ಲಿ ಕನಿಷ್ಠ ಒಂದು ಬಸ್ಸು ಇರುವ ಸಾಧ್ಯತೆ ಗಂಟೆಗೆ 10 ಬಸ್ಸಿದ್ದಾಗ ಶೇ. 28, 30 ಇದ್ದಾಗ ಶೇ. 63, 60 ಇದ್ದಾಗ ಶೇ. 86. ಇವೆಲ್ಲವೂ ಆದ್ಯತೆ ಕೇಳುವುದಿಲ್ಲ. ಹಸಿರಿನ ನಡುವೆ ಬಂದದ್ದು ಹಾಗೆಯೇ ದಾಟುತ್ತದೆ. ಆದರೂ ಸುತ್ತುಸುತ್ತಿಗೂ ಬಸ್ಸಿರುವಲ್ಲಿ ಬಿಡಿ ಬಸ್ಸನ್ನು ಗುರುತಿಸಿ ಹಸಿರು ಹಿಗ್ಗಿಸುವುದು ವ್ಯರ್ಥ ಶ್ರಮ. ಅಲ್ಲಿ ಜನರ ಎಣಿಕೆಯ ಆಧಾರದ ಮೇಲೆ ಹಸಿರಿನ ಕಾಯಂ ಪಾಲು, ಪ್ರತ್ಯೇಕ ಪಥ, ಗೆರೆಯವರೆಗೆ ತಲುಪುವ ದಾರಿ ಬೇಕು.

ಕರ್ನಾಟಕದ ರಸ್ತೆಗಳಲ್ಲಿ

ಈ ವಿಂಗಡಣೆ ನಮ್ಮಲ್ಲಿ ಬೇರೆಬೇರೆ ಪರಿಹಾರ ಬೇಡುವ ಎರಡು ಬಗೆಯ ರಸ್ತೆಗಳನ್ನು ತೋರಿಸುತ್ತದೆ. 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ ಪಥ ಗುರುತಿಸಲಾಯಿತು. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ಚಿಗರಿ ಬಸ್ಸುಗಳಿಗೆ ರಸ್ತೆ ನಡುವೆ ಪ್ರತ್ಯೇಕ ಪಥವಿದೆ. ಇವು ಬಸ್ಸು ದಟ್ಟವಾಗಿರುವ ರಸ್ತೆಗಳು. ಅಲ್ಲಿ ಪಥ ಎಷ್ಟೇ ಪ್ರತ್ಯೇಕವಾಗಿದ್ದರೂ ಕೂಡುರಸ್ತೆ ಎಲ್ಲರದ್ದೂ ಆಗಿರುವುದರಿಂದ ಹಸಿರಿನ ಕಾಯಂ ಪಾಲಿನ ಪ್ರಶ್ನೆ ತಪ್ಪದು. ಬಡಾವಣೆಗಳನ್ನು ಮುಖ್ಯರಸ್ತೆಗೆ, ಮೆಟ್ರೋ ನಿಲ್ದಾಣಕ್ಕೆ ಜೋಡಿಸುವ, ಸುಮಾರು ಹತ್ತು ನಿಮಿಷಕ್ಕೊಂದು ಬಸ್ಸಿರುವ ಮಾರ್ಗಗಳು ಇನ್ನೊಂದು ಬಗೆಯವು. ಷರತ್ತಿನ ಆದ್ಯತೆಯ ನಿಜವಾದ ಕ್ಷೇತ್ರ ಇದೇ. ಬಸ್ಸು ಎಲ್ಲಿದೆ ಎಂದು ತಿಳಿಸುವ ಜಿಪಿಎಸ್ ಬಿಎಂಟಿಸಿ ಬಸ್ಸುಗಳಲ್ಲಿ ಈಗಾಗಲೇ ಇದೆ. ವೇಳಾಪಟ್ಟಿ ದಟ್ಟಣೆಯಲ್ಲಿ ನಿಲ್ಲದಿರುವುದರಿಂದ ಇಲ್ಲಿ ತಡವನ್ನು ಗಡಿಯಾರದಿಂದ ಅಳೆಯುವ ಬದಲು ಮುಂದಿನ ಬಸ್ಸಿನಿಂದ ಇರುವ ಅಂತರದಿಂದ ಅಳೆಯುವುದು ಸೂಕ್ತ.

ಇದು ಫಲಿಸಬೇಕಾದರೆ ಎರಡು ಪ್ರಾಥಮಿಕ ಕೆಲಸ ಮೊದಲು ಆಗಬೇಕು. ನಿಲ್ದಾಣ ಸಿಗ್ನಲ್ಲಿಗಿಂತ ಹಿಂದಿದ್ದರೆ ಜನ ಹತ್ತಿ ಇಳಿಯುವ ಹೊತ್ತು ಅನಿಶ್ಚಿತ, ಹಿಗ್ಗಿಸಿದ ಹಸಿರು ಬಸ್ಸಿಲ್ಲದೆ ಕಳೆದುಹೋಗುತ್ತದೆ. ನಿಲ್ದಾಣವನ್ನು ಕೂಡುರಸ್ತೆ ದಾಟಿದ ಮೇಲೆ ಇಡಬೇಕು. ಎರಡನೆಯದಾಗಿ, ಪಥವೆಂಬ ಎಲ್ಲೆಯಿಲ್ಲದೆ ಸ್ಕೂಟರು ಆಟೋಗಳು ಗೆರೆಯವರೆಗೂ ಒತ್ತಿನಿಂತಿರುವಲ್ಲಿ 10 ಸೆಕೆಂಡಿನ ಹಿಗ್ಗಿಕೆಯಲ್ಲಿ ಬಸ್ಸು ಗೆರೆ ತಲುಪುವುದೇ ಕಷ್ಟ. ಸಿಗ್ನಲ್ಲಿನ ಹಿಂದೆ ಕೆಲವು ಮೀಟರಿನಷ್ಟಾದರೂ ಬಸ್ಸಿಗೆ ತೆರವಾದ ದಾರಿ ಇರಬೇಕು.

ಉಳಿದ ಪ್ರಶ್ನೆಗಳು

ಇಲ್ಲಿನ ಅಂಕಿಗಳು ಸರಳೀಕೃತ ಕೂಡುರಸ್ತೆಯವು. ಸಂಧಿಬಿಂದು ನಮ್ಮ ರಸ್ತೆಗಳಲ್ಲಿ 4 ನಿಮಿಷವೋ 2 ನಿಮಿಷವೋ ಎಂಬುದು ಮಾರ್ಗವಾರು ಹತ್ತುವವರ ದಾಖಲೆ ಮತ್ತು ಜಿಪಿಎಸ್ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ತಿಳಿಯಬೇಕು. ಎರಡು ಅಡ್ಡದಿಕ್ಕಿನಿಂದ ಎರಡು ತಡವಾದ ಬಸ್ಸುಗಳು ಒಮ್ಮೆಗೇ ಹಸಿರು ಕೇಳಿದರೆ ಯಾವುದು ಮೊದಲು ಎಂಬುದಕ್ಕೆ ಈ ಅಳತೆ ತತ್ತ್ವತಃ ಉತ್ತರ ಕೊಡುತ್ತದೆ, ಅದನ್ನು ಪರೀಕ್ಷಿಸಿಲ್ಲ. ಎಲ್ಲಕ್ಕಿಂತ ಗಂಭೀರವಾದ ಕೊರತೆ ಪಾದಚಾರಿಗಳದ್ದು. ಬಸ್ಸಿಗೆ ಹತ್ತುವ ಪ್ರತಿಯೊಬ್ಬರೂ ಮೊದಲು ನಡೆದು ಬಂದವರು, ಹಲವರು ಅದೇ ಸಿಗ್ನಲ್ಲಿನಲ್ಲಿ ರಸ್ತೆ ದಾಟಿದವರು. ಹಿಗ್ಗಿಸಿದ ಹಸಿರು ಅವರ ಕೆಂಪನ್ನೂ ಹಿಗ್ಗಿಸುತ್ತದೆ. ಅವರ ಕಾಯುವಿಕೆಯನ್ನು ಇದೇ ವ್ಯಕ್ತಿ-ಸೆಕೆಂಡಿನ ಲೆಕ್ಕಕ್ಕೆ ಸೇರಿಸಿದರೆ ಇಲ್ಲಿ ಪ್ರತಿಪಾದಿಸಿದ ಸರದಿ ಉಳಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕಾಗಿದೆ.